ಮೂರು ವಾರದ ಫ್ರೆಂಚ್: ಪ್ಯಾರಿಸ್ಸೋ, ತೂರೋ, ವಿಶಿಯೋ, ಮಾಂಟ್ರಿಯಲ್ಲೋ?

ಪಿಯುಸಿಯಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಅಂತ ಫ್ರೆಂಚ್ ತಗೊಂಡು 100ಕ್ಕೆ 95 ಹೊಡೆದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಾನೂ ಅವರಲ್ಲೊಬ್ಬ. ಅದಾಗಿ ಹನ್ನೆರಡು ವರ್ಷದ ಮೇಲೆ ಪ್ಯಾರಿಸ್ಸಿನ ಒಂದು ಬೇಕರಿಯಲ್ಲಿ ನಿಂತಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಬೆರಳು ತೋರಿಸಿ ಬ್ರೆಡ್ ತಗೊಂಡೆ. ಅಂಗಡಿಯಾಕೆ ಇಂಗ್ಲಿಷಿನಲ್ಲಿ ಎಣಿಸುತ್ತಾ ಚಿಲ್ಲರೆ ಕೊಟ್ಟರು.

ಅದು ನನ್ನ ಮೊದಲ ಸಲ. ಎರಡು ವಾರ, ಪ್ಯಾರಿಸ್, ನನ್ನದೇ ಒಂದು ಪುಟ್ಟ ಸ್ಟುಡಿಯೋ ರೂಮು. ಎರಡನೇ ಸಲ ಮೂರು ವಾರ, ತೂರ್ ಅನ್ನೋ ಊರು, ಒಬ್ಬ ಅಜ್ಜಿಯ ಮನೆ. ದುಡ್ಡು ಎರಡು ಸಲವೂ ಹೆಚ್ಚುಕಮ್ಮಿ ಅಷ್ಟೇ ಖರ್ಚಾಯಿತು. ಕಲಿತದ್ದರಲ್ಲಿ ಮಾತ್ರ ಅಜಗಜಾಂತರ.

ಹಾಗಾಗಿ ಈಗ ಯಾರಾದರೂ "ಫ್ರೆಂಚ್ ಕಲಿಯೋಕೆ ಸ್ವಲ್ಪ ದಿನ ಹೊರಗೆ ಹೋಗಬೇಕು, ಎಲ್ಲಿಗೆ ಹೋಗಲಿ?" ಅಂತ ಕೇಳಿದರೆ ತಕ್ಷಣ ಊರಿನ ಹೆಸರು ಹೇಳುವುದಿಲ್ಲ. ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಕ್ಲಾಸು ಬೆಳಗ್ಗೆ ಒಂಬತ್ತಕ್ಕೆ ಶುರುವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ. ಒಂದು ಗಂಟೆಯಿಂದ ರಾತ್ರಿ ಮಲಗುವ ತನಕ ನಿಮ್ಮ ಜೊತೆ ಫ್ರೆಂಚ್ ಮಾತಾಡುವವರು ಯಾರು? ಊರು, ಮನೆ, ಕೋರ್ಸು, ತಿಂಗಳು, ಎಲ್ಲವನ್ನೂ ಈ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿ. ಕ್ಲಾಸಿನೊಳಗೆ ಸಿಗುವ ಪಾಠ ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೂ ಸಿಗುತ್ತದೆ, ಅದೂ ಆಟೋ ಖರ್ಚಿನಲ್ಲಿ. ವಿಮಾನ ಹತ್ತುವುದು ಮಧ್ಯಾಹ್ನದ ಮೇಲಿನ ಹೊತ್ತಿಗಾಗಿ.

ಈಗಲೇ ಹೋಗಬೇಕಾ?

ಯುರೋಪಿನವರು ಭಾಷೆ ಕಲಿಕೆಗೆ ಆರು ಮೆಟ್ಟಿಲು ಇಟ್ಟಿದ್ದಾರೆ. ಎ1ರಿಂದ ಸಿ2 ತನಕ. ಫ್ರೆಂಚ್ ಶಾಲೆಗಳು ಹೇಳುವ ಒರಟು ಲೆಕ್ಕದಲ್ಲಿ ಎ2 ಮುಗಿಯೋಕೆ ಒಟ್ಟು 200 ಗಂಟೆಯ ಆಸುಪಾಸು ಕ್ಲಾಸು ಬೇಕು, ಬಿ1 ಮುಗಿಯೋಕೆ 400ರ ಆಸುಪಾಸು. ಅಂದರೆ ಮಧ್ಯದ ಒಂದು ಮೆಟ್ಟಿಲಿಗೇ 200 ಗಂಟೆ. ವಾರಕ್ಕೆ 20 ಗಂಟೆಯಂತೆ ಮೂರು ವಾರಕ್ಕೆ ಸಿಗುವುದು 60. ಮೂರು ವಾರ ಹೋಗಿಬಂದು ಒಂದು ಮೆಟ್ಟಿಲು ಹತ್ತಿದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹಾಗಾದರೆ ಏನು ಸಿಗುತ್ತದೆ? ಗೊತ್ತಿರುವುದು ಬಾಯಿಗೆ ಬರುತ್ತದೆ, ಕಿವಿ ತೆರೆಯುತ್ತದೆ. ಅದಕ್ಕೇ ತೀರಾ ಶುರುವಿನಲ್ಲಿ ಇರುವವರು ಹೋಗಬೇಡಿ ಅನ್ನುತ್ತೇನೆ. ಬೊಂಝೂರ್, ಮೆರ್ಸಿ ಕಲಿಯೋಕೆ ಅಷ್ಟು ದುಡ್ಡು ಯಾಕೆ? ಇಲ್ಲೇ ಎ2 ಮುಗಿಸಿ. ಹಳೆಯ ಕ್ರಿಯಾಪದದ ಪಟ್ಟಿಗಳು ತಲೆಯಲ್ಲಿ ಕೊಳೆಯುತ್ತಿರುವ ಆ ಹಂತದಲ್ಲಿ ಹೋದರೆ ಲಾಭ ಜಾಸ್ತಿ.

"ಪುದುಚೇರಿಗೆ ಹೋದರೆ ಆಗಲ್ವಾ?" ಅಂತಲೂ ಕೇಳುತ್ತಾರೆ. ಬೀದಿಗಳ ಹೆಸರು ಫ್ರೆಂಚ್, ಪೊಲೀಸರ ಕೆಂಪು ಟೋಪಿ ಫ್ರೆಂಚ್, ಅಲಿಯಾನ್ಸ್ ಕೂಡ ಇದೆ. ಆದರೆ 1954ರಲ್ಲೇ ಫ್ರೆಂಚರು ಆಡಳಿತ ಬಿಟ್ಟುಕೊಟ್ಟ ಊರು ಅದು. ಮಧ್ಯಾಹ್ನದ ಮೇಲೆ ನಿಮ್ಮ ಜೊತೆ ತಮಿಳು ಮಾತಾಡುತ್ತಾರೆ. ತಮಿಳು ಕಲಿಯೋಕೆ ಒಳ್ಳೆಯ ಜಾಗ.

ಪ್ಯಾರಿಸ್

ಪ್ಯಾರಿಸ್ಸಿನ ಪರವಾಗಿ ಹೇಳುವುದು ಸುಲಭ. ಬೆಂಗಳೂರಿನಿಂದ ನೇರ ವಿಮಾನ ಇದೆ. ಹಳೆಯ, ದೊಡ್ಡ ಶಾಲೆಗಳಿವೆ. ಅಲಿಯಾನ್ಸ್ ಫ್ರಾನ್ಸೇಸ್ ಹುಟ್ಟಿದ್ದೇ ಅಲ್ಲಿ, 1883ರಲ್ಲಿ. ಸೊರ್ಬಾನ್ ಹೆಸರಿನ ಫ್ರೆಂಚ್ ನಾಗರಿಕತೆಯ ಕೋರ್ಸುಗಳು 1919ರಿಂದ ನಡೆಯುತ್ತಿವೆ. ಶಾಲೆ ದೊಡ್ಡದಾದರೆ ಒಂದು ನಿಜವಾದ ಅನುಕೂಲ ಇದೆ. ನಿಮ್ಮ ಮಟ್ಟಕ್ಕೆ ಸರಿಯಾದ ಕ್ಲಾಸು ಯಾವ ವಾರ ಹೋದರೂ ಸಿಗುತ್ತದೆ. ಸಣ್ಣ ಊರಿನಲ್ಲಿ ಜನವರಿಯಲ್ಲಿ ಹೋದರೆ ಎ2 ಅವರನ್ನೂ ಬಿ1 ಅವರನ್ನೂ ಒಂದೇ ರೂಮಿನಲ್ಲಿ ಕೂರಿಸುವುದುಂಟು.

ತೊಂದರೆ ಇರುವುದು ಒಂದು ಗಂಟೆಯ ಮೇಲೆ. ಕ್ಲಾಸು ಬಿಟ್ಟ ತಕ್ಷಣ ಜೊತೆಯವರೆಲ್ಲ ಇಂಗ್ಲಿಷಿಗೆ ಇಳಿಯುತ್ತಾರೆ. ನಿಮ್ಮ ಉಚ್ಚಾರ ಕೇಳಿದ ಹೋಟೆಲಿನ ಹುಡುಗನೂ ಇಳಿಯುತ್ತಾನೆ. ಅವನಿಗೆ ಹಿಂದೆ ಇನ್ನೂ ನಾಲ್ಕು ಟೇಬಲ್ ಇವೆ, ನಿಮ್ಮ ವ್ಯಾಕರಣ ತಿದ್ದುತ್ತಾ ನಿಲ್ಲೋಕೆ ಅವನಿಗೇನು ಸಂಬಳ ಕೊಡುತ್ತಾರಾ? ಸಂಜೆ ರೂಮಿಗೆ ಬಂದರೆ ಗೋಡೆ ಮತ್ತು ವಾಟ್ಸಾಪ್. ಆ ಎರಡು ವಾರದಲ್ಲಿ ನಾನು ಫ್ರೆಂಚಿಗಿಂತ ಜಾಸ್ತಿ ಅಮ್ಮನ ಜೊತೆ ಕನ್ನಡ ಮಾತಾಡಿದ್ದೆ.

ಇನ್ನೊಂದು ಸೆಳೆತವೂ ಇದೆ. ಗಾರ್ ದ್ಯು ನೋರ್ ರೈಲು ನಿಲ್ದಾಣದ ಹಿಂದೆ ಲಾ ಶಪೆಲ್ ಅಂತ ಒಂದು ಏರಿಯಾ. ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿವೆ. ಕರಿಬೇವು, ತೆಂಗಿನಕಾಯಿ, ಮಸಾಲೆ ಪುಡಿ, ದೋಸೆ ಎಲ್ಲ ಸಿಗುತ್ತದೆ. ಮೊದಲ ವಾರದ ಚೀಸು, ಬ್ರೆಡ್ಡಿಗೆ ನಾಲಿಗೆ ಬೇಸತ್ತಾಗ ಕಾಲು ತಾನಾಗಿ ಅತ್ತ ಹೋಗುತ್ತದೆ. ಹೋಗಬೇಡಿ ಅನ್ನಲ್ಲ. ದಿನಾ ಹೋಗಬೇಡಿ.

ಪ್ಯಾರಿಸ್ಸಿಗೇ ಹೋಗಬೇಕು ಅಂತ ಹಟ ಇದ್ದರೆ ಎರಡು ಮಾತು. ಮಧ್ಯಾಹ್ನಗಳಿಗೆ ಒಂದು ಕೆಲಸ ಕಟ್ಟಿಕೊಳ್ಳಿ: ಅಡುಗೆ ಕ್ಲಾಸು, ಹಾಡಿನ ಗುಂಪು, ಚೆಸ್ ಕ್ಲಬ್ಬು, ಯಾವುದಾದರೂ ಸರಿ, ಅಲ್ಲಿಯವರು ತಮಗಾಗಿ ನಡೆಸುವಂಥದ್ದು. ಆಮೇಲೆ ಮೆಟ್ರೋ. ನವಿಗೋ ವಾರದ ಪಾಸು ಕೊಂಡ ದಿನದಿಂದ ಏಳು ದಿನ ಅಲ್ಲ, ಸೋಮವಾರದಿಂದ ಭಾನುವಾರ. ಶನಿವಾರ ಇಳಿದವರು ಮುಂದಿನ ವಾರದ್ದನ್ನು ಕೊಂಡರೆ ಶನಿವಾರ, ಭಾನುವಾರದ ಓಡಾಟಕ್ಕೆ ಬೇರೆ ಟಿಕೆಟ್ ಬೇಕು. ನಾನು ಆ ಪಾಸು ಗೇಟಿಗೆ ಮುಟ್ಟಿಸಿ ಮುಟ್ಟಿಸಿ ಹಿಂದೆ ನಿಂತವರ ಹತ್ತಿರ ಬೈಸಿಕೊಂಡೆ. ಫ್ರೆಂಚಿನಲ್ಲೇ ಬೈದರು, ಆ ಪ್ರವಾಸದಲ್ಲಿ ಸಿಕ್ಕ ಒಳ್ಳೆಯ ಕೇಳುವ ಅಭ್ಯಾಸ ಅದೇ.

ತೂರ್, ವಿಶಿ ಥರದ ಸಣ್ಣ ಊರುಗಳು

ತೂರ್ ಪ್ಯಾರಿಸ್ಸಿನಿಂದ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಲುವಾರ್ ನದಿಯ ದಂಡೆ. ಇಲ್ಲಿಯ ಫ್ರೆಂಚ್ ಅತಿ ಶುದ್ಧ ಅಂತ ಒಂದು ಹಳೆಯ ಹೆಸರಿದೆ. ಹಿಂದೆ ರಾಜರು ಈ ನದಿಯುದ್ದಕ್ಕೂ ಅರಮನೆ ಕಟ್ಟಿಕೊಂಡು ಇದ್ದದ್ದಕ್ಕೆ ಬಂದ ಹೆಸರಂತೆ. ಶುದ್ಧ ಕನ್ನಡ ಮೈಸೂರಿನದೋ ಧಾರವಾಡದ್ದೋ ಅನ್ನುವ ಜಗಳದಷ್ಟೇ ಅದಕ್ಕೂ ಬೆಲೆ ಕೊಡಿ. ಹೊಸಬರ ಕಿವಿಗೆ ಮಾತು ಸ್ಪಷ್ಟವಾಗಿ ಬೀಳುವುದಂತೂ ನಿಜ. ವಿದೇಶಿಯರಿಗೆ ಫ್ರೆಂಚ್ ಹೇಳಿಕೊಡುವ ಅಲ್ಲಿಯ ಹಳೆಯ ಸಂಸ್ಥೆ ಆನ್ಸ್ತಿತ್ಯು ದ ತೂರೇನ್ ಶುರುವಾದದ್ದು 1912ರಲ್ಲಿ. ಅಂದರೆ ಊರಿಗೆ ಊರೇ ತಡವರಿಸುವ ವಿದೇಶಿಯರಿಗೆ ಒಗ್ಗಿಹೋಗಿದೆ. ತರಕಾರಿ ಮಾರುವವರೂ ನೀವು ವಾಕ್ಯ ಮುಗಿಸುವ ತನಕ ಕಾಯುತ್ತಾರೆ.

ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲೇ ಟಿಜಿವಿ ಸ್ಟೇಷನ್ ಇದೆ. ಅಲ್ಲಿಂದ ತೂರ್ ಪಕ್ಕದ ಸೇಂ ಪಿಯೇರ್ ದೆ ಕೋರ್‌ಗೆ ನೇರ ರೈಲುಗಳಿವೆ. ಎರಡು ಸೂಟ್‌ಕೇಸ್ ಎಳಕೊಂಡು ಪ್ಯಾರಿಸ್ ಮೆಟ್ರೋ ಮೆಟ್ಟಿಲು ಹತ್ತಿ ಇಳಿಯುವ ಕಷ್ಟವೇ ಇಲ್ಲ. ಟಿಕೆಟ್ ಬೇಗ ಕೊಂಡಷ್ಟೂ ಅಗ್ಗ. ವಿಮಾನ ತಡವಾದರೆ ಅನ್ನುವ ಭಯಕ್ಕೆ ಮೂರು ಗಂಟೆ ಗ್ಯಾಪ್ ಇಟ್ಟುಕೊಳ್ಳಿ.

ವಿಶಿ ಇನ್ನೂ ಚಿಕ್ಕದು. ಪ್ಯಾರಿಸ್ಸಿನಿಂದ ರೈಲಿನಲ್ಲಿ ಮೂರು ಗಂಟೆ. ಬಿಸಿನೀರ ಬುಗ್ಗೆಗಳ ಊರು. 2021ರಲ್ಲಿ ಯುನೆಸ್ಕೋ ಯುರೋಪಿನ ಹನ್ನೊಂದು ಬುಗ್ಗೆಯ ಊರುಗಳನ್ನು ಪಟ್ಟಿಗೆ ಸೇರಿಸಿದಾಗ ಇದನ್ನೂ ಸೇರಿಸಿತು. 1940ರಿಂದ 44ರವರೆಗೆ ಹಿಟ್ಲರನ ಜೊತೆ ಕೈಜೋಡಿಸಿದ ಪೆತಾನ್ ಸರ್ಕಾರ ಇಲ್ಲಿ ಕೂತಿದ್ದರಿಂದ ಊರಿನ ಹೆಸರಿಗೊಂದು ಕಪ್ಪುಚುಕ್ಕೆ ಅಂಟಿಕೊಂಡಿದೆ. ಭಾಷೆ ಕಲಿಯುವವರಿಗೆ ಮಾತ್ರ ಅದು ಕವಿಲಾಮ್ ಶಾಲೆಯ ಊರು, 1964ರದ್ದು. ಕಿರುತೆರೆ, ರೇಡಿಯೋ, ಹಾಡು ಇಟ್ಟುಕೊಂಡು ಕಲಿಸುವುದರಲ್ಲಿ ಅವರಿಗೆ ಒಳ್ಳೆಯ ಹೆಸರಿದೆ. ಊರಿನಲ್ಲಿ ರಿಟೈರ್ ಆದವರು ಜಾಸ್ತಿ. ಇದನ್ನು ಕೆಲವರು ಕೊರತೆ ಅನ್ನುತ್ತಾರೆ, ನಾನು ಅನುಕೂಲ ಅನ್ನುತ್ತೇನೆ. ಪಾರ್ಕಿನ ಬೆಂಚಿನಲ್ಲಿ ಕೂತವರಿಗೆ ನಿಮ್ಮ ಜೊತೆ ಮಾತಾಡೋಕೆ ಟೈಮಿದೆ! ಇಪ್ಪತ್ತೆರಡು ವರ್ಷದವರಿಗೆ ಬೋರ್ ಹೊಡೆಯಬಹುದು. ರಾತ್ರಿ ಒಂಬತ್ತರ ಮೇಲೆ ಬೀದಿ ಖಾಲಿ.

ವಯಸ್ಸು ಚಿಕ್ಕದಿದ್ದು ಗಲಾಟೆ ಬೇಕು ಅಂದರೆ ದಕ್ಷಿಣ ಫ್ರಾನ್ಸಿನ ಮೋಂಪೆಲಿಯೆ ನೋಡಿ. ವಿದ್ಯಾರ್ಥಿಗಳ ಊರು, ಸಮುದ್ರ ಹತ್ತಿರ, ಶಾಲೆಗಳೂ ಹಲವು. ದಕ್ಷಿಣದ ಉಚ್ಚಾರದ ಬಗ್ಗೆ ಹೆದರಿಸುವವರಿದ್ದಾರೆ. ಉತ್ತರದವರು ನುಂಗಿಬಿಡುವ ಪದದ ಕೊನೆಯ ಸ್ವರವನ್ನು ದಕ್ಷಿಣದವರು ಬಿಡಿಸಿ ಹೇಳುತ್ತಾರೆ, ಅಷ್ಟೇ. ಬಸ್ ಅನ್ನೋದನ್ನು ಬಸ್ಸು, ಕಾರ್ ಅನ್ನೋದನ್ನು ಕಾರು ಅನ್ನುವ ನಮಗೆ ಅದು ನಮ್ಮ ಕಡೆಯವರೇ ಮಾತಾಡಿದ ಹಾಗೆ ಕೇಳುತ್ತದೆ. ನೀಸ್ ಚೆಂದದ ಊರು, ಆದರೆ ಪ್ರವಾಸಿಗರ ಊರು. ಇಂಗ್ಲಿಷಿನ ಕಾಟ ಪ್ಯಾರಿಸ್ಸಿಗಿಂತ ಕಮ್ಮಿ ಏನಿಲ್ಲ. ಲಿಯೋನ್ ದೊಡ್ಡ ಊರಿನ ಸೌಕರ್ಯಕ್ಕೂ ಸಣ್ಣ ಊರಿನ ತಾಳ್ಮೆಗೂ ಮಧ್ಯೆ ಎಲ್ಲೋ ನಿಲ್ಲುತ್ತದೆ.

ಬೆಲ್ಜಿಯಂ, ಸ್ವಿಟ್ಜರ್ಲೆಂಡ್

ಬ್ರಸೆಲ್ಸ್ ಬೇಡ. ಫ್ರೆಂಚ್, ಡಚ್ ಎರಡೂ ಅಧಿಕೃತ ಭಾಷೆ, ಮೇಲೆ ಐರೋಪ್ಯ ಒಕ್ಕೂಟದ ಕಚೇರಿಗಳ ಇಂಗ್ಲಿಷು. ಬೆಲ್ಜಿಯಂಗೇ ಹೋಗಬೇಕಿದ್ದರೆ ಲಿಯೇಜ್ ಅಥವಾ ನಾಮ್ಯುರ್ ಕಡೆ ಹೋಗಿ. ಸ್ವಿಟ್ಜರ್ಲೆಂಡಿನ ಲೋಝಾನ್, ನೂಶಾತೆಲ್ ಚೆನ್ನಾಗಿವೆ. ಆದರೆ ಫ್ರಾನ್ಸಿನಲ್ಲಿ ಮೂರು ವಾರಕ್ಕೆ ಆಗುವ ದುಡ್ಡು ಅಲ್ಲಿ ಎರಡು ವಾರಕ್ಕೇ ಹಾರಿಹೋಗುತ್ತದೆ.

ಇಬ್ಬರಿಗೂ ಒಂದು ಉಪಕಾರದ ಗುಣ ಇದೆ. ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೋನಾಂತ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ 97 ಅಂದರೆ "ನಾಲ್ಕು ಇಪ್ಪತ್ತು ಹತ್ತು ಏಳು". ಅಲ್ಲಿ ಫೋನ್ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳುತ್ತಾರೆ. "ಕಾತ್ರ" ಅಂದ ಕೂಡಲೇ ನಾನು 4 ಬರೆಯುತ್ತಿದ್ದೆ. "ವಾಂ" ಅಂದಾಗ ಹೊಡೆದುಹಾಕಿ 8 ಬರೆಯುತ್ತಿದ್ದೆ. "ದಿಸ್" ಅಂದಾಗ ಅದನ್ನೂ ಹೊಡೆದು 9. "ಸೆತ್" ಬರುವ ಹೊತ್ತಿಗೆ ಅವರು ಮುಂದಿನ ಜೋಡಿಗೆ ಹೋಗಿರುತ್ತಿದ್ದರು. ನನ್ನ ಆ ನೋಟ್‌ಬುಕ್ಕಿನಲ್ಲಿ ಒಂದೂ ಸರಿಯಾದ ನಂಬರಿಲ್ಲ.

ಕೆನಡಾ

ನಮ್ಮವರಲ್ಲಿ ಫ್ರೆಂಚ್ ಕಲಿಯುವ ಬಹಳ ಜನಕ್ಕೆ ಕಾರಣ ಕೆನಡಾ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿ. ಅದಕ್ಕೆ ಅಂಕ ನೋಡಿ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಓದು, ಬರಹ, ಕೇಳುವಿಕೆ, ಮಾತು ನಾಲ್ಕರಲ್ಲೂ ಕೆನಡಾದವರದ್ದೇ ಅಳತೆಯಲ್ಲಿ ಫ್ರೆಂಚಿನ 7ನೇ ಹಂತ ಮುಟ್ಟಿದರೆ 50ರವರೆಗೆ ಹೆಚ್ಚುವರಿ ಅಂಕ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರಿಗೇ ಅಂತ ಪ್ರತ್ಯೇಕ ಆಯ್ಕೆ ಸುತ್ತುಗಳೂ ನಡೆಯುತ್ತಿವೆ. ಹಾಗಾದರೆ ಕಲಿಯೋಕೂ ಕೆನಡಾಕ್ಕೇ ಹೋಗೋಣ ಅನ್ನಿಸುವುದು ಸಹಜ, ಅಲ್ವಾ?

ಸ್ವಲ್ಪ ನಿಲ್ಲಿ. ಪರೀಕ್ಷೆ ಬರೆಯುವುದು ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ. ಹೆಸರಲ್ಲಿ ಕೆನಡಾ ಇದ್ದರೂ ಎರಡನ್ನೂ ನಡೆಸುವ ಸಂಸ್ಥೆಗಳು ಫ್ರಾನ್ಸಿನವು. ಮಾಂಟ್ರಿಯಲ್ ಇರುವ, ಫ್ರೆಂಚ್ ಮಾತಾಡುವ ಕೆಬೆಕ್ ಪ್ರಾಂತ್ಯ ತನ್ನ ವಲಸಿಗರನ್ನು ತಾನೇ ಬೇರೆ ದಾರಿಯಲ್ಲಿ ಆರಿಸಿಕೊಳ್ಳುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೋಗುವವರು ಕೆಬೆಕ್ ಹೊರಗೆ ಇರುವ ಉದ್ದೇಶದಿಂದಲೇ ಹೋಗಬೇಕು. ಅಂದರೆ ಫ್ರೆಂಚಿನ ಅಂಕ ಪಡೆದು ಇಂಗ್ಲಿಷಿನ ಊರಲ್ಲಿ ಸಂಸಾರ!

ಅನುಕೂಲ ಇಲ್ಲ ಅಂತಲ್ಲ. ಆರು ತಿಂಗಳೊಳಗೆ ಮುಗಿಯುವ ಕೋರ್ಸಿಗೆ ಕೆನಡಾದಲ್ಲಿ ಸ್ಟಡಿ ಪರ್ಮಿಟ್ ಬೇಕಿಲ್ಲ, ವಿಸಿಟರ್ ವೀಸಾ ಸಾಕು. ಸ್ವಂತ ಅಣ್ಣನೋ ಅಕ್ಕನೋ ಮಾಂಟ್ರಿಯಲ್ ಹತ್ತಿರ ಇದ್ದರೆ ರೂಮಿನ ದುಡ್ಡೂ ಉಳಿಯುತ್ತದೆ. ಆದರೆ ಅಕ್ಕನ ಮನೆಯಲ್ಲಿ ಇದ್ದು ಫ್ರೆಂಚ್ ಕಲಿತವರನ್ನು ನಾನಿನ್ನೂ ನೋಡಿಲ್ಲ. ಮಾಂಟ್ರಿಯಲ್ಲಿನ ಅಂಗಡಿಗಳಲ್ಲಿ "ಬೊಂಝೂರ್, ಹಾಯ್" ಅಂತ ಜೋಡಿಯಾಗಿ ಸ್ವಾಗತ ಮಾಡುತ್ತಾರೆ. ನೀವು ಬೊಂಝೂರ್ ಆರಿಸಿಕೊಂಡರೂ ಎರಡನೇ ವಾಕ್ಯಕ್ಕೆ ನಿಮ್ಮನ್ನು ಹಾಯ್ ಕಡೆ ದಾಟಿಸುತ್ತಾರೆ. ಕೆಬೆಕ್ ಸಿಟಿಯಲ್ಲಿ ಈ ಕಷ್ಟ ಕಮ್ಮಿ. ಕೆನಡಾಕ್ಕೇ ಹೋಗುವುದಾದರೆ ನನ್ನ ಓಟು ಕೆಬೆಕ್ ಸಿಟಿಗೆ.

ಸಮಯದ ವ್ಯತ್ಯಾಸವನ್ನೂ ಮರೆಯಬೇಡಿ. ಫ್ರಾನ್ಸಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ. ಮಾಂಟ್ರಿಯಲ್ಲಿಗೆ ಒಂಬತ್ತೂವರೆ. ಎರಡೇ ವಾರಕ್ಕೆ ಹೋದವರಿಗೆ ಮೊದಲ ನಾಲ್ಕು ದಿನ ಕ್ಲಾಸಿನಲ್ಲಿ ತೂಕಡಿಕೆ. ಆರೆಂಟು ವಾರ ಇರುವುದಾದರೆ ಸರಿ, ಇಲ್ಲದಿದ್ದರೆ ಫ್ರಾನ್ಸೇ ವಾಸಿ.

ಮಾತಿನಲ್ಲೂ ವ್ಯತ್ಯಾಸ ಇದೆ. ಫ್ರಾನ್ಸಿನಲ್ಲಿ ದೇಝುನೆ ಅಂದರೆ ಮಧ್ಯಾಹ್ನದ ಊಟ, ಕೆಬೆಕ್‌ನಲ್ಲಿ ಬೆಳಗಿನ ತಿಂಡಿ. ಹನ್ನೆರಡಕ್ಕೆ ಅಂತ ಕಾಯುತ್ತಾ ಕೂತರೆ ತಿಂಡಿ ತಪ್ಪಿಹೋಗಿರುತ್ತದೆ.

ಯಾರ ಮನೆಯಲ್ಲಿ ಇರುವುದು

ಊರಿಗಿಂತ ಇದೇ ಮುಖ್ಯ. ಫ್ಯಾಮಿಲಿ ಜೊತೆ ಇರಬಹುದು, ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ ಇರಬಹುದು, ಒಬ್ಬರೇ ಸ್ಟುಡಿಯೋ ಹಿಡಿಯಬಹುದು. ಪಾಠ ಹೇಳುವ ಮೇಷ್ಟರ ಮನೆಯಲ್ಲೇ ಇದ್ದು ಕಲಿಯುವ ಪದ್ಧತಿಯೂ ಇದೆ. ಅದು ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಫಲ ಜಾಸ್ತಿ, ಎಲ್ಲಕ್ಕಿಂತ ಸುಸ್ತು. ಒಂದೇ ವಾರ ರಜೆ ಇರುವವರು ಯೋಚಿಸಬಹುದು.

ನನ್ನ ಆಯ್ಕೆ ಫ್ಯಾಮಿಲಿ, ರಾತ್ರಿ ಊಟ ಸೇರಿಸಿ. ಬರೀ ರೂಮು ತಗೊಂಡರೆ ಅದು ಪಿಜಿ ಆಗುತ್ತದೆ. ಕಲಿಕೆ ನಡೆಯುವುದು ಊಟದ ಮೇಜಿನ ಮುಂದೆ. ತೂರ್‌ನ ಅಜ್ಜಿ ಏಳೂವರೆಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದರು. ಬ್ರೆಡ್ ತುಂಡನ್ನು ತಟ್ಟೆಯಲ್ಲಿ ಅಲ್ಲ, ಪಕ್ಕದಲ್ಲಿ ಮೇಜಿನ ಬಟ್ಟೆಯ ಮೇಲೇ ಇಡಬೇಕು. ಊಟ ಆದಮೇಲೆ ಚೀಸು, ಅದಾದಮೇಲೆ ಸಿಹಿ. ಎಂಟೂಮುಕ್ಕಾಲು ಆಗುತ್ತಿತ್ತು. ಒಂದೂಕಾಲು ಗಂಟೆ ದಿನಾ, ಮೂರು ವಾರ, ತಿದ್ದುತ್ತಾ ಕೂರುವ ಒಬ್ಬ ಮನುಷ್ಯರು. ಯಾವ ಕೋರ್ಸಿನಲ್ಲಿ ಇದು ಸಿಗುತ್ತದೆ?

ಮೊದಲ ದಿನ ಕುಡಿಯೋಕೆ ಬಿಸಿನೀರು ಕೇಳಿದೆ. "ಹುಷಾರಿಲ್ವಾ?" ಅಂತ ಗಾಬರಿಯಾಗಿ ಯಾವುದೋ ಸೊಪ್ಪಿನ ಕಷಾಯ ಮಾಡಿ ತಂದರು. ಮೂರನೇ ದಿನ ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ಪಕ್ಕದ ಮನೆಯವರು ಸಿಕ್ಕಾಗ ನಮ್ಮ ಅಭ್ಯಾಸದಂತೆ "ಊಟ ಆಯ್ತಾ?" ಅಂತ ಕೇಳಿಬಿಟ್ಟೆ, "ವುಝಾವೇ ಮಾಂಝೇ?" ಅವರು ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಹೋಗಿ ಎರಡು ಬಿಸ್ಕೆಟ್ ತಂದು ಕೈಗೆ ಕೊಟ್ಟರು. ಹಸಿದಿದ್ದೇನೆ ಅಂದುಕೊಂಡರು.

ಒಂದು ವಾರ ಆದಮೇಲೆ ಅಜ್ಜಿ "ಇನ್ನು ನೀನು ಅಂತಲೇ ಮಾತಾಡೋಣ" ಅಂದರು. ನೀವು ಅನ್ನುವ ವು ಬಿಟ್ಟು ನೀನು ಅನ್ನುವ ತ್ಯು. ಎಪ್ಪತ್ತು ದಾಟಿದವರಿಗೆ ನೀನು ಅನ್ನೋಕೆ ನನ್ನ ಬಾಯಿ ಕೊನೆಯ ದಿನದವರೆಗೂ ಒಪ್ಪಲಿಲ್ಲ. ಅಮೆರಿಕದ ಸಹಪಾಠಿಗಳಿಗೆ ವು, ತ್ಯು ಬಿಡಿಸಿ ಹೇಳೋಕೆ ಮೇಡಂ ಒಂದು ಇಡೀ ಪಾಠ ತಗೊಂಡಿದ್ದರು. ನಮಗೆ ಅದು ಹುಟ್ಟಿನಿಂದ ಬಂದದ್ದು.

ಫ್ಯಾಮಿಲಿ ಆರಿಸುವಾಗ ಶಾಲೆಗೆ ಈಮೇಲ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ: ಮನೆಯಲ್ಲಿ ಬೇರೆ ಎಷ್ಟು ವಿದ್ಯಾರ್ಥಿಗಳು ಇರುತ್ತಾರೆ? ನನ್ನ ಸ್ನೇಹಿತನೊಬ್ಬನಿಗೆ ಫ್ಯಾಮಿಲಿ ಅಂತ ಹೇಳಿ ಕಳಿಸಿದ ಮನೆಯಲ್ಲಿ ನಾಲ್ಕು ಜನ ವಿದ್ಯಾರ್ಥಿಗಳಿದ್ದರು. ಮನೆಯವರು ಊಟ ಬಡಿಸಿ ಟಿವಿ ಮುಂದೆ ಹೋಗುತ್ತಿದ್ದರು. ಮೇಜಿನಲ್ಲಿ ಇಂಗ್ಲಿಷೋ ಇಂಗ್ಲಿಷು. ಉತ್ತರ ಈಮೇಲ್‌ನಲ್ಲೇ ಇದ್ದರೆ ಆಮೇಲೆ ಮನೆ ಬದಲಾಯಿಸಿ ಅಂತ ಕೇಳೋಕೆ ಬಲ ಇರುತ್ತದೆ.

ಸಸ್ಯಾಹಾರಿಗಳು ಬರೀ "ವೆಜಿಟೇರಿಯನ್" ಅಂತ ಬರೆದರೆ ಸಾಲದು. ಮೀನು ತಿನ್ನುತ್ತೀರಿ ಅಂದುಕೊಳ್ಳುವವರು ಇದ್ದಾರೆ. ಮಾಂಸ, ಮೀನು, ಕೋಳಿ ಯಾವುದೂ ಬೇಡ, ಮೊಟ್ಟೆ ಆಗುತ್ತೋ ಇಲ್ಲವೋ ಅಂತ ಬಿಡಿಸಿ ಬರೆಯಿರಿ. ಕೀಶ್ ಅನ್ನುವ ತಿಂಡಿಯಲ್ಲಿ ಹಂದಿಮಾಂಸದ ಸಣ್ಣ ಚೂರು ಇರುವುದು ಸಾಮಾನ್ಯ, ನೋಡೋಕೆ ಗೊತ್ತೇ ಆಗಲ್ಲ. ಹಲವು ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿರುತ್ತಾರೆ. ಅಷ್ಟು ಕಟ್ಟುನಿಟ್ಟು ಇರುವವರಿಗೆ, ಒಗ್ಗರಣೆ ಇಲ್ಲದೆ ಊಟ ಇಳಿಯದವರಿಗೆ ಸ್ವಂತ ಅಡುಗೆಮನೆ ಇರುವ ಸ್ಟುಡಿಯೋನೇ ಸರಿ. ಮೂರು ವಾರ ಮುಖ ಸಿಂಡರಿಸಿಕೊಂಡು ಕೂತರೆ ಫ್ರೆಂಚೂ ಬರಲ್ಲ, ಊಟವೂ ಸೇರಲ್ಲ.

ಕೋರ್ಸಿನ ಲೆಕ್ಕ

ಇಲ್ಲಿ ಒಂದು ಸಣ್ಣ ಮೋಸ ಇದೆ, ಮೋಸ ಅನ್ನೋದಕ್ಕಿಂತ ಜಾಣತನ. ಕೆಲವು ಶಾಲೆಗಳು "ವಾರಕ್ಕೆ 20 ಗಂಟೆ" ಅನ್ನುತ್ತವೆ, ಕೆಲವು "ವಾರಕ್ಕೆ 26 ಪಾಠ" ಅನ್ನುತ್ತವೆ. ಪಾಠ ಅಂದರೆ 45 ನಿಮಿಷ ಇದ್ದರೆ 26 ಪಾಠಕ್ಕೆ ಹತ್ತೊಂಬತ್ತೂವರೆ ಗಂಟೆ ಆಯಿತು. ಬೆಲೆ ಹೋಲಿಸುವ ಮೊದಲು ನಿಮಿಷಕ್ಕೆ ಇಳಿಸಿ ನೋಡಿ. ಕ್ಲಾಸಿನಲ್ಲಿ ಹೆಚ್ಚೆಂದರೆ ಎಷ್ಟು ಜನ ಅನ್ನುವುದನ್ನೂ ಕೇಳಿ. ಫ್ರಾನ್ಸ್ ಸರ್ಕಾರದ್ದು "ಕಾಲಿತೆ ಎಫ್‌ಎಲ್‌ಇ" ಅಂತ ಒಂದು ಮುದ್ರೆ ಇದೆ, ವಿದೇಶಿಯರಿಗೆ ಫ್ರೆಂಚ್ ಕಲಿಸುವ ಕೇಂದ್ರಗಳನ್ನು ಪರೀಕ್ಷಿಸಿ ಕೊಡುವಂಥದ್ದು. ಗೊತ್ತಿಲ್ಲದ ಶಾಲೆ ಆರಿಸುವಾಗ ಅದು ಇದೆಯಾ ನೋಡಿ.

20 ಗಂಟೆಯೋ 30 ಗಂಟೆಯೋ? ಫ್ಯಾಮಿಲಿ ಜೊತೆ ಇರುವವರು 20 ತಗೊಳ್ಳಿ. ಒಬ್ಬರೇ ಸ್ಟುಡಿಯೋದಲ್ಲಿ ಇರುವವರು 30 ತಗೊಳ್ಳಿ, ಮಧ್ಯಾಹ್ನ ನಿಮ್ಮನ್ನು ಮಾತಾಡಿಸೋಕೆ ಬೇರೆ ಯಾರೂ ಇಲ್ಲ. ಪರೀಕ್ಷೆ ಹತ್ತಿರ ಇದ್ದರೆ ಕೊನೆಯ ವಾರಕ್ಕೆ ನಾಲ್ಕೈದು ಗಂಟೆ ಒಬ್ಬರಿಗೇ ಪಾಠ ಸೇರಿಸಿಕೊಳ್ಳಿ. ಮೊದಲ ವಾರ ಅಲ್ಲ. ನಿಮ್ಮ ತಪ್ಪುಗಳು ಯಾವುವು ಅಂತ ನಿಮಗೇ ಗೊತ್ತಾಗೋಕೆ ಎರಡು ವಾರ ಬೇಕು.

ತಿಂಗಳು, ವೀಸಾ

ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲರ್ಧ ನನ್ನ ಮೆಚ್ಚಿನ ಕಾಲ. ಜುಲೈ, ಆಗಸ್ಟಿನಲ್ಲಿ ಶಾಲೆಗಳು ತುಂಬಿರುತ್ತವೆ, ಊರಿನವರು ರಜೆಗೆ ಹೋಗಿ ಊರು ಖಾಲಿ ಇರುತ್ತದೆ. ಮಾತಾಡಬೇಕಾದವರೇ ಇಲ್ಲ! ಹೆಚ್ಚಿನ ಮನೆಗಳಲ್ಲಿ ಎಸಿ, ಫ್ಯಾನು ಎರಡೂ ಇರಲ್ಲ, ಬಿಸಿಲು ಏರಿದರೆ ನಿದ್ದೆ ಇಲ್ಲ. ಮೇ ತಿಂಗಳು ಹವೆ ಚೆಂದ, ಆದರೆ ರಜೆಗಳ ಸಾಲು. 1ನೇ ತಾರೀಖು, 8ನೇ ತಾರೀಖು, ಅಸೆನ್ಷನ್ ಗುರುವಾರ, ಕೆಲವು ವರ್ಷ ಪೆಂಟೆಕೋಸ್ಟ್ ಸೋಮವಾರ. ರಜೆಯ ಪಾಠವನ್ನು ತುಂಬಿಕೊಡುತ್ತಾರಾ ಅಂತ ಮೊದಲೇ ಕೇಳಿ. ಚಳಿಗಾಲ ಅಗ್ಗ, ಸಂಜೆ ಐದಕ್ಕೇ ಕತ್ತಲು.

ಫ್ರಾನ್ಸ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ಮೂರಕ್ಕೂ ಷೆಂಗೆನ್ ವೀಸಾ. 180 ದಿನದಲ್ಲಿ 90 ದಿನ ಇರಬಹುದು, ಸಣ್ಣ ಕೋರ್ಸಿಗೆ ಅಷ್ಟು ಸಾಕು. 2024ರ ಜೂನ್‌ನಿಂದ ದೊಡ್ಡವರಿಗೆ ಫೀಸು 90 ಯೂರೋ, ಅರ್ಜಿ ಕೇಂದ್ರದ ಫೀಸು ಬೇರೆ. ಕಮ್ಮಿ ಎಂದರೂ 30,000 ಯೂರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಕೊನೆಯ ತಿಂಗಳಿಗೆ ಬಿಡಬೇಡಿ. ಎರಡು ದೇಶ ಸುತ್ತುವುದಾದರೆ ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ.

ಶಾಲೆ ಫ್ಯಾಮಿಲಿ ಗೊತ್ತುಮಾಡಿದರೆ ವಸತಿಗೆ ಶಾಲೆಯ ಪತ್ರ ಕೊಡುತ್ತಾರೆ. ಫ್ರಾನ್ಸಿನಲ್ಲಿರುವ ನೆಂಟರ ಮನೆಯಲ್ಲಿ ಇರುವುದಾದರೆ ಅವರು ತಮ್ಮ ಊರಿನ ಮೇರಿಗೆ, ಅಂದರೆ ಪುರಸಭೆಗೆ, ಹೋಗಿ "ಅತೆಸ್ತಾಸ್ಯೋಂ ದಾಕ್ಯುಯ್" ಅನ್ನುವ ಪತ್ರ ಮಾಡಿಸಿ ಅದರ ಅಸಲು ಪ್ರತಿಯನ್ನು ನಿಮಗೆ ಕಳಿಸಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. "ಬಾ, ನಮ್ಮನೇಲೇ ಇರು" ಅಂದ ನೆಂಟರಿಗೆ ಈ ಕೆಲಸ ಗೊತ್ತಿರುವುದಿಲ್ಲ. ನೀವೇ ನೆನಪಿಸಿ.

ಹೊರಡುವ ಮುಂಚೆ

ಭಾನುವಾರ ರಾತ್ರಿ ಇಳಿಯಬೇಡಿ, ಶನಿವಾರ ಇಳಿಯಿರಿ. ಸಣ್ಣ ಊರಿನಲ್ಲಿ ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಬಾಗಿಲು ಹಾಕಿರುತ್ತದೆ. ವ್ಯಾಕರಣದ ಪುಸ್ತಕ ತಿರುವಿಹಾಕುವ ಬದಲು ನಿಮ್ಮ ಬದುಕಿನ ಬಗ್ಗೆ ಇಪ್ಪತ್ತು ವಾಕ್ಯ ಬರೆದು ಬಾಯಿಪಾಠ ಮಾಡಿ. ಕೆಲಸ ಏನು, ಮನೆಯಲ್ಲಿ ಯಾರಿದ್ದಾರೆ, ಊರು ಹೇಗಿದೆ. ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ. ಯಾವ ಭಾಷೆ ಅಂತಲೂ ಕೇಳುತ್ತಾರೆ. "ಝ ಪಾರ್ಲ್ ಕನ್ನಡ" ಅಂದರೆ ಅವರ ಕಿವಿಗೆ ಬೀಳುವುದು ಕೆನಡಾ. ಅವರೂ ಆ ದೇಶವನ್ನು ಹೆಚ್ಚುಕಮ್ಮಿ "ಕನದಾ" ಅಂತಲೇ ಕರೆಯುವುದು. "ಓ, ಕೆನಡಾದವರಾ? ಇಂಡಿಯನ್ ಥರ ಕಾಣ್ತೀರಿ!" ಅಂತ ನನಗೆ ಕಮ್ಮಿ ಎಂದರೂ ಐದು ಜನ ಹೇಳಿದ್ದಾರೆ. ಅದನ್ನು ಬಿಡಿಸಿ ಹೇಳುವ ವಾಕ್ಯ ಇಲ್ಲಿಂದಲೇ ತಯಾರು ಮಾಡಿಕೊಂಡು ಹೋಗಿ.

ಮನೆಯವರಿಗೆ ಏನಾದರೂ ತಗೊಂಡು ಹೋಗಬೇಕಲ್ಲ. ಸಿಹಿ ಕೆಟ್ಟುಹೋಗುತ್ತದೆ, ಅವರಿಗೆ ತೀರಾ ಸಿಹಿ ಅನ್ನಿಸುತ್ತದೆ. ಫಿಲ್ಟರ್ ಕಾಫಿ ಪುಡಿ ಬೇಡ, ಕಾಫಿ ವಿಷಯದಲ್ಲಿ ಅವರಿಗೆ ಅವರದೇ ಜಂಬ ಇದೆ. ಮಾತು ಹುಟ್ಟಿಸುವ ಸಾಮಾನು ತಗೊಂಡು ಹೋಗಿ. ನಾನು ಮೈಸೂರ್ ಸ್ಯಾಂಡಲ್ ಸೋಪಿನ ಒಂದು ಡಬ್ಬಿ ಒಯ್ದಿದ್ದೆ. ಅಜ್ಜಿ ಒಂದನ್ನೂ ಬಳಸಲಿಲ್ಲ, ಬೀರುವಿನಲ್ಲಿ ಬಟ್ಟೆಗಳ ಮಧ್ಯೆ ಇಟ್ಟರು. ಆ ರಾತ್ರಿ ಊಟಕ್ಕೆ ಕೂತಾಗ ಇದು ಯಾವ ಮರ, ಎಲ್ಲಿ ಬೆಳೆಯುತ್ತದೆ, ಸೋಪು ಯಾಕೆ ಮಾಡಿದರು ಅಂತ ಒಂದೊಂದೇ ಪ್ರಶ್ನೆ. ಮೊದಲ ಮಹಾಯುದ್ಧ ಶುರುವಾಗಿ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಾಗ ಮಹಾರಾಜರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿದರು ಅಂತ ಹೇಳಬೇಕಿತ್ತು. ಫ್ರೆಂಚಿನಲ್ಲಿ ಎರಡು ಥರದ ಭೂತಕಾಲ ಇದೆ, ನಡೆಯುತ್ತಾ ಇದ್ದದ್ದಕ್ಕೆ ಒಂದು, ನಡೆದು ಮುಗಿದದ್ದಕ್ಕೆ ಒಂದು. ಮರ ಹೋಗುತ್ತಿತ್ತು, ಯುದ್ಧ ಬಂತು, ನಿಂತಿತು. ಅಜ್ಜಿ ಮೂರು ಸಲ ತಿದ್ದಿದರು. ನಾಲ್ಕನೇ ಸಲಕ್ಕೆ ಸರಿ ಹೇಳಿದಾಗ ಚೀಸಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಹೂಂ, ಆಮೇಲೆ?" ಅಂದರು.